ಮಾಧ್ಯಮ ಕೋರ್ಸಿಗೆ ನಾನು ಪೋರ್ಟ್‌ಫೋಲಿಯೋ ಸಿದ್ಧಪಡಿಸಿದ ಬಗೆ

ಸ್ನಾತಕೋತ್ತರ ಮಾಧ್ಯಮ ಕೋರ್ಸಿಗೆ ಅರ್ಜಿ ಹಾಕುವಾಗ ವಿಶ್ವವಿದ್ಯಾನಿಲಯವು ಪೋರ್ಟ್‌ಫೋಲಿಯೋ, ಅಂದರೆ ನಮ್ಮ ಕೆಲಸದ ಮಾದರಿಗಳೆಂದು ಕೇಳಿದ್ದು ಎರಡೇ ವಸ್ತು: 10 ಎಂಬಿ ಮೀರದ ಒಂದು ಪಿಡಿಎಫ್ ಮತ್ತು ಮೂರು ನಿಮಿಷದೊಳಗಿನ ಒಂದು ವಿಡಿಯೋದ ಲಿಂಕ್. ಪದವಿಯ ಮೂರು ವರ್ಷವೂ ಕ್ಯಾಮೆರಾ ಹೆಗಲಿಗೇರಿಸಿಕೊಂಡೇ ಉಡುಪಿ ಸುತ್ತಿದವನಾದ್ದರಿಂದ ಇದು ಒಂದು ಸಂಜೆಯ ಕೆಲಸವೆಂದು ಎಣಿಸಿದ್ದೆ. ಹಿಡಿದದ್ದು ಏಳು ವಾರ.

ಮೊದಲ ಆಯ್ಕೆಯಲ್ಲಿ 64 ಚಿತ್ರಗಳಿದ್ದವು. ಮಲ್ಪೆಯ ಸೂರ್ಯಾಸ್ತ, ಅಲ್ಲಿನ ಬಂದರಿನಲ್ಲಿ ಬಲೆ ಹಿಡಿದು ಕೂತ ಮೀನುಗಾರ, ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು, ರಥಬೀದಿಯ ದೀಪಾಲಂಕಾರ, 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ, ಅದೂ ನಾಲ್ಕು ಕೋನಗಳಿಂದ. ಮಂಗಳೂರಿನ ಪತ್ರಿಕೆಯೊಂದರಲ್ಲಿ ಕೆಲಸ ಮಾಡುವ ದೊಡ್ಡಮ್ಮನ ಮಗಳು ಅವನ್ನೆಲ್ಲ ತಾಳ್ಮೆಯಿಂದ ನೋಡಿ ಮುಗಿಸಿ, "ಕಾಪುವಿನ ಫೋಟೋ ಇಲ್ಲಿ ಫೋನ್ ಇದ್ದವರೆಲ್ಲರ ಹತ್ತಿರ ಉಂಟು ಮಾರಾಯ. ಬಲೆ ಹಿಡಿದು ಕೂತ ಈ ಜನದ ಬಗ್ಗೆ ನಿನಗೆ ಎಂತ ಗೊತ್ತುಂಟು, ಅದು ಹೇಳು" ಎಂದಳು. ನನಗೆ ಏನೂ ಗೊತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ದೂರದಿಂದ ಜೂಮ್ ಮಾಡಿ ತೆಗೆದದ್ದು ಆ ಬಲೆಯ ಚಿತ್ರ. ಅಕ್ಕನ ಆ ಪ್ರಶ್ನೆಯನ್ನೇ ಜರಡಿಯಾಗಿ ಹಿಡಿದು, ಯಾವ ಚಿತ್ರದ ಬಗ್ಗೆ ಎರಡು ನಿಮಿಷ ತಡವರಿಸದೆ ಮಾತನಾಡಲಾರೆನೋ ಅದನ್ನು ತೆಗೆದುಹಾಕುತ್ತಾ ಹೋದಾಗ 64 ಇದ್ದದ್ದು 11ಕ್ಕೆ ಇಳಿಯಿತು. ಕುಟುಂಬದ ದೈವದ ನೇಮದ ಚಿತ್ರಗಳನ್ನು ಮಾತ್ರ ಬೇರೆ ಕಾರಣಕ್ಕೆ ಬಿಟ್ಟೆ: ಅವು ಮನೆಯ ಹೊರಗೆ ಹೋಗಬಾರದೆಂದು ಹಿರಿಯರು ಮೊದಲೇ ಹೇಳಿದ್ದರು.

ವಿಡಿಯೋಗೆ ಯಕ್ಷಗಾನದ ಚೌಕಿಯನ್ನು, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗವನ್ನು, ಆರಿಸಿಕೊಂಡಿದ್ದೆ. ರಂಗಸ್ಥಳವನ್ನು ಚಿತ್ರೀಕರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಕಲಾವಿದರು ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವ ಆ ಎರಡು ಗಂಟೆ ನನಗೆ ಹೆಚ್ಚು ಇಷ್ಟ. ಮೇಳದ ಮ್ಯಾನೇಜರರ ಹಾಗೂ ವೇಷಧಾರಿಗಳ ಒಪ್ಪಿಗೆ ಪಡೆದು ಒಂದು ರಾತ್ರಿ ಪೂರ್ತಿ ಚಿತ್ರೀಕರಿಸಿದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಪ್ರತಿ ಶಾಟ್‌ನಲ್ಲೂ ಕಪ್ಪು ಪಟ್ಟಿಗಳು ಮೇಲಿಂದ ಕೆಳಕ್ಕೆ ಸರಿಯುತ್ತಿದ್ದವು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದಾದ್ದರಿಂದ ಚೌಕಿಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕ್ಯಾಮೆರಾದ ಶಟರ್ (ಪ್ರತಿ ಫ್ರೇಮಿಗೂ ಬೆಳಕು ಒಳಬಿಡುವ ಅವಧಿ) ಸೆಕೆಂಡಿನ 1/60ರಲ್ಲಿದ್ದರೆ ಒಂದು ಫ್ರೇಮಿಗೂ ಇನ್ನೊಂದಕ್ಕೂ ಸಿಗುವ ಬೆಳಕು ಹೊಂದುವುದಿಲ್ಲ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಎಂದು ಇಟ್ಟುಕೊಂಡರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಕ್ಕಿ ಪಟ್ಟಿ ಮಾಯವಾಗುತ್ತದೆ. ಇದನ್ನು ತಿಳಿದುಕೊಳ್ಳುವಷ್ಟರಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಐದು ದಿನ ಉಳಿದಿತ್ತು. ಅಂದು ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ಶುರುವಾಗುವುದು ಮಳೆಗಾಲ ಕಳೆದ ಮೇಲೆಯೇ. ಅದೇ ಮೇಳವನ್ನು ಹಿಂಬಾಲಿಸಿ ಇನ್ನೊಂದು ಊರಿಗೆ ಹೋಗಿ ಪುನಃ ಚಿತ್ರೀಕರಿಸಿದೆ. ಹಾಳಾದ ಒಂದು ಫ್ರೇಮನ್ನೂ ಸರಿಯಾದ ಒಂದನ್ನೂ ಅಕ್ಕಪಕ್ಕ ಇಟ್ಟು, ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದು ಪಿಡಿಎಫ್‌ನ ಒಂಬತ್ತನೆಯ ಪುಟವಾಗಿ ಸೇರಿಸಿದೆ. ಸೋತದ್ದನ್ನು ಯಾಕೆ ತೋರಿಸುವುದೆಂದು ಸ್ನೇಹಿತರು ಗದರಿದರೂ ತೆಗೆಯಲಿಲ್ಲ.

ಬಲೆಯ ಚಿತ್ರಕ್ಕಾಗಿ ಮಲ್ಪೆಗೆ ಮತ್ತೆ ಹೋದದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಟಾರ್ಪಾಲಿನ ಅಡಿಯಲ್ಲಿ ಅದೇ ಮೀನುಗಾರರು ಸಿಕ್ಕಿದರು. ಮೂರು ದಿನ ಹತ್ತಿರ ಕೂತು, ನಾಲ್ಕನೆಯ ದಿನ ಕ್ಯಾಮೆರಾ ಹೊರತೆಗೆದೆ. "ಬಲೆ ಹೆಣೆಯುತ್ತಿರುವ ಮೀನುಗಾರ" ಎಂಬ ನನ್ನ ಹಳೆಯ ಅಡಿಬರಹವನ್ನು ಓದಿ ಹೇಳಿದಾಗ ಅವರು ನಕ್ಕರು: "ಹೆಣೆಯುವುದಲ್ಲ ಇದು, ಹರಿದದ್ದನ್ನು ಕಟ್ಟುವುದು. ಹೆಣೆದ ಬಲೆ ಅಂಗಡಿಯಿಂದ ಬರ್ತದೆ." ಕೊನೆಗೆ ಉಳಿದ ಚಿತ್ರದಲ್ಲಿ ಅವರ ಮುಖವೇ ಇಲ್ಲ. ಕಾಲ ಹೆಬ್ಬೆರಳಿಗೆ ಬಲೆಯ ಒಂದು ಕಣ್ಣನ್ನು ಸಿಕ್ಕಿಸಿ ಬಿಗಿಯಾಗಿ ಎಳೆದುಕೊಂಡು, ನೂಲು ಸುತ್ತಿದ ಪ್ಲಾಸ್ಟಿಕ್ ಸೂಜಿಯನ್ನು ಹರಿದ ಜಾಗದಲ್ಲಿ ದಾಟಿಸುತ್ತಿರುವ ಕೈ ಮಾತ್ರ ಇದೆ. ಅದರೊಂದಿಗೆ ಚಿತ್ರಗಳು 12 ಆದವು.

ಉಳಿದದ್ದು ಹೆಚ್ಚಾಗಿ ಕೂಲಿ ಕೆಲಸ. ಐದಾರು ಎಂಬಿಯ ಚಿತ್ರಗಳನ್ನು ಉದ್ದದ ಬದಿ 1920 ಪಿಕ್ಸೆಲ್‌ಗೆ ಇಳಿಸಿ ಜೆಪೆಗ್ ಮಾಡಿದಾಗ ಪಿಡಿಎಫ್ 7 ಎಂಬಿಯಲ್ಲಿ ನಿಂತಿತು. ಕಾಲೇಜಿನಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಎರಡು ಲೇಖನಗಳನ್ನು ವಿನ್ಯಾಸದ ತಂತ್ರಾಂಶಕ್ಕೆ ಅಂಟಿಸಿದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಬಂತು. ಆ ಹಳೆಯ ಫಾಂಟಿನಲ್ಲಿ ಕನ್ನಡದ ಆಕಾರಗಳು ಕೂತಿರುವುದೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದ್ದರಿಂದ ಪ್ರತಿ ಸಾಲನ್ನೂ ಬೆರಳಿಟ್ಟು ಓದಬೇಕಾಯಿತು. ವಿಡಿಯೋದ ಲಿಂಕ್ ಅನ್ನು ಅಮ್ಮನ ಫೋನಿನಲ್ಲಿ ತೆರೆದು ನೋಡಿದ್ದು ಒಳ್ಳೆಯದಾಯಿತು. ನನ್ನ ಫೋನಿನಲ್ಲಿ ಸರಾಗವಾಗಿ ಓಡುತ್ತಿದ್ದ ಅದು ಅಲ್ಲಿ ಅನುಮತಿ ಕೇಳುತ್ತಿತ್ತು. ಡ್ರೈವ್‌ನಲ್ಲಿ ಲಿಂಕ್ ಇದ್ದವರೆಲ್ಲರೂ ನೋಡಬಹುದು ಎಂಬ ಆಯ್ಕೆಯನ್ನು ಒತ್ತಲು ಮರೆತಿದ್ದೆ.

ಸಂದರ್ಶನ ನಡೆದದ್ದು ಹದಿನೈದು ನಿಮಿಷ. ಅದರ ಹೆಚ್ಚಿನ ಪಾಲು ಒಂಬತ್ತನೆಯ ಪುಟದ ಮೇಲೆಯೇ ಕಳೆಯಿತು. ಹೊರಡುವ ಮುನ್ನ ಒಬ್ಬರು ಬಲೆಯ ಚಿತ್ರಕ್ಕೆ ಹಿಂದಿರುಗಿ, ಆ ಹೆಬ್ಬೆರಳು ಅಲ್ಲಿ ಏನು ಮಾಡುತ್ತಿದೆ ಎಂದು ಕೇಳಿದರು. ಹೇಳಿದೆ.

ಸೀಟು ಸಿಕ್ಕಿದ ಸುದ್ದಿ ಬಂದದ್ದು ಆಗಸ್ಟ್ ಮೊದಲ ವಾರದಲ್ಲಿ. ಚಿತ್ರದ ಪ್ರಿಂಟ್ ಹಿಡಿದು ಮಲ್ಪೆಗೆ ಹೋದಾಗ ಅವರ ಬೋಟು ಕಡಲಿಗೆ ಹೋಗಿಯಾಗಿತ್ತು. ಬಂದರಿನ ಚಾ ಅಂಗಡಿಯಲ್ಲಿ ಕೊಟ್ಟು ಬಂದೆ.