ತೆಳು ಕೈಬರಹದ ಫಾಂಟು ಮತ್ತು ಕ್ಯಾತ್ಸಂದ್ರದ ಮೂರು ಒತ್ತುಗಳು

ತುಮಕೂರಿನ ಮಂಡಿಪೇಟೆಯ ಬಳಿ ನಾನು ಲಗ್ನಪತ್ರಿಕೆಗಳನ್ನು ವಿನ್ಯಾಸ ಮಾಡಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕೇಳುವುದು ನಿಬ್ಬಿನಲ್ಲಿ ಬರೆದಂತೆ ತೆಳುವಾಗಿ ಹರಿಯುವ, ತುದಿಗಳು ಬಳ್ಳಿಯಂತೆ ಸುರುಳಿಯಾಗುವ ಕೈಬರಹದ ಫಾಂಟನ್ನು. ನನಗೂ ಅದು ಬಹಳ ಇಷ್ಟ. ಆದರೆ ಅದನ್ನು ಎಲ್ಲಿ ಬಳಸಬೇಕೆಂಬುದನ್ನು ಒಂದು ಪತ್ರಿಕೆ ಕೆಟ್ಟ ಮೇಲೆ ಕಲಿತೆ.

ಆ ಮದುವೆ ಕ್ಯಾತ್ಸಂದ್ರದ ಛತ್ರವೊಂದರಲ್ಲಿತ್ತು. ವಧೂವರರ ಹೆಸರು, ಮುಹೂರ್ತ, ವಿಳಾಸ ಎಲ್ಲವನ್ನೂ ಒಂದೇ ತೆಳು ಫಾಂಟಿನಲ್ಲಿ ಜೋಡಿಸಿ, ಮೆರೂನ್ ಕಾಗದದ ಮೇಲೆ ಚಿನ್ನದ ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿದೆ. ಕಟ್ಟು ಬಿಚ್ಚಿದಾಗ ಹೆಸರುಗಳು ಸೊಗಸಾಗಿದ್ದವು. ವಿಳಾಸದಲ್ಲಿ ಮಾತ್ರ ‘ಕ್ಯಾತ್ಸಂದ್ರ’ದ ಯಕಾರದ ಒತ್ತು ಅರ್ಧ ಮಾಸಿತ್ತು, ಸಕಾರದ ಒತ್ತಿನೊಳಗೆ ಬಣ್ಣ ತುಂಬಿ ಚುಕ್ಕೆಯಾಗಿತ್ತು, ರಕಾರದ ಒತ್ತು ಕೆಳಗಿನ ಸಾಲಿಗೆ ತಗುಲಿತ್ತು. “ಅಕ್ಷರವೇನೋ ಚೆನ್ನಾಗಿದೆ ಸ್ವಾಮಿ, ನಮ್ಮಪ್ಪ ಓದಿದರೆ ಛತ್ರ ಎಲ್ಲಿ ಅಂತ ಗೊತ್ತಾಗಬೇಕಲ್ಲ” ಎಂದರು ಹುಡುಗಿಯ ತಂದೆ. ಎಲ್ಲವನ್ನೂ ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಸಿಕೊಟ್ಟೆ.

ತಪ್ಪು ಫಾಂಟಿನದಲ್ಲ, ನನ್ನದು. 0.25 ಪಾಯಿಂಟಿನ ಗೆರೆಯೆಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮಾನಿಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಸ್ಪಷ್ಟವಾಗಿ ಕಾಣುವ ಅಂಥ ಗೆರೆ, ಸ್ಕ್ರೀನಿನ ಬಲೆಯ ಕಣ್ಣುಗಳ ಮೂಲಕ ಕಾಗದಕ್ಕೆ ಇಳಿಯುವಾಗ ಕಡಿದುಹೋಗಬಹುದು ಅಥವಾ ಹರಡಿಕೊಳ್ಳಬಹುದು. ಇಂಗ್ಲಿಷಿನ ‘ಗ್ರೇಟ್ ವೈಬ್ಸ್’ನಂಥ ಫಾಂಟಿನಲ್ಲಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ಸಾಗುವುದರಿಂದ, ಅವುಗಳ ನಡುವೆ ಅಂತರ ಹೆಚ್ಚಿಸಿದರೆ ಹರಿವು ಮುರಿಯುತ್ತದೆ. ಕನ್ನಡದಲ್ಲಿ ಅಕ್ಷರಗಳು ಬಿಡಿಬಿಡಿಯಾಗಿಯೇ ನಿಲ್ಲುತ್ತವೆ. ಹರಿವು ಹುಟ್ಟುವುದು ತಲೆಕಟ್ಟಿನ ಓರೆಯಿಂದ, ಕೊಂಬಿನ ಬಾಲದಿಂದ, ಗೆರೆ ದಪ್ಪದಿಂದ ತೆಳುವಿಗೆ ಜಾರುವ ಬಗೆಯಿಂದ. ಒತ್ತಕ್ಷರವಾದರೋ ಮೂಲ ಅಕ್ಷರಕ್ಕಿಂತ ಚಿಕ್ಕದು, ಆದ್ದರಿಂದ ಫಾಂಟಿನ ನಾಜೂಕು ಮೊದಲು ಸೋಲುವುದು ಅಲ್ಲಿಯೇ.

ಈಗ ಕೈಬರಹದ ಫಾಂಟನ್ನು ವಧೂವರರ ಹೆಸರಿಗೆ ಮಾತ್ರ, 30 ಪಾಯಿಂಟಿಗೆ ಕಡಿಮೆಯಿಲ್ಲದಂತೆ, ತಿಳಿ ಬಣ್ಣದ ಕಾಗದದ ಮೇಲೆ ಗಾಢ ಬಣ್ಣದಲ್ಲಿ ಬಳಸುತ್ತೇನೆ. ಮುಹೂರ್ತಕ್ಕೂ ವಿಳಾಸಕ್ಕೂ 12 ಪಾಯಿಂಟಿನ ಸಾದಾ ಅಕ್ಷರವೇ ಸರಿ. ಹೊಸ ಫಾಂಟು ಸಿಕ್ಕ ಕೂಡಲೇ ‘ಕ್ಯಾತ್ಸಂದ್ರ’ ಎಂದು ಟೈಪಿಸಿ, ಪತ್ರಿಕೆಯ ಅಳತೆಯಲ್ಲೇ ಪ್ರಿಂಟ್ ತೆಗೆದು, ತೋಳಿನಷ್ಟು ದೂರ ಹಿಡಿದು ಓದುತ್ತೇನೆ.

ಹೆಸರುಗಳಲ್ಲೂ ಭೇದವಿದೆ. ‘ಕಾವೇರಿ’ ಎಷ್ಟು ತೆಳುವಾದರೂ ಅಂದವಾಗಿಯೇ ನಿಲ್ಲುತ್ತದೆ. ‘ವಿಶ್ವೇಶ್ವರಯ್ಯ’ಕ್ಕೆ ಮೂರು ಒತ್ತುಗಳಿರುವುದರಿಂದ ಗೆರೆಗೆ ಹೊರಗಿನಿಂದ ಕೂದಲೆಳೆಯಷ್ಟು ದಪ್ಪ ಸೇರಿಸಿ, ಕೆಳಗೆ ಧಾರಾಳ ಜಾಗ ಬಿಡಬೇಕಾಗುತ್ತದೆ. ‘ಹರ್ಷ’ದಂಥ ಹೆಸರು ಬಂದರೆ ನನಗೆ ಹಬ್ಬ: ಅರ್ಕಾವತ್ತು ಅಕ್ಷರದ ಕೆಳಗಲ್ಲದೆ ಪಕ್ಕದಲ್ಲಿ, ಸಾಲಿನ ಮೇಲೆಯೇ ನಿಲ್ಲುವುದರಿಂದ, ಅದರ ಬಾಲವನ್ನು ವಧುವಿನ ಹೆಸರಿನತ್ತ ನಿರಾತಂಕವಾಗಿ ಎಳೆಯುತ್ತೇನೆ.