ಕೊರಿಯಾದ ಸೈನಿಕ ವಧುಗಳ ಕಿಮ್ಚಿ, ಮುಂಬಯಿಯ ಎಲೆಕೋಸಿನಲ್ಲಿ

ಕಿಮ್ಚಿ ಎಂದರೆ ಕೊರಿಯಾದವರ ಹುಳಿ ಬರಿಸಿದ ಖಾರದ ಕೋಸಿನ ಉಪ್ಪಿನಕಾಯಿ. ಇದಕ್ಕೆ ಚೀನೀ ಕೋಸು ಹುಡುಕಿಕೊಂಡು ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋಗಬೇಕಿಲ್ಲ, ಮಾಟುಂಗಾದಲ್ಲಿ ಸಿಗುವ ಮಾಮೂಲಿ ಎಲೆಕೋಸೇ ಸಾಕು. 1950ರಿಂದ 1989ರವರೆಗೆ ಅಮೆರಿಕದ ಸೈನಿಕರನ್ನು ಮದುವೆಯಾಗಿ ಕಡಲು ದಾಟಿದ ಕೊರಿಯನ್ ಹೆಣ್ಣುಮಕ್ಕಳು ಸುಮಾರು 1 ಲಕ್ಷ. ಮೊದಮೊದಲು ಹೋದವರಿಗೆ ಗಂಡನ ಊರಿನಲ್ಲಿ ಕೊರಿಯನ್ ಅಂಗಡಿ ಎಲ್ಲಿಯದು? ಸಿಕ್ಕಿದ ಕೋಸು, ಸಿಕ್ಕಿದ ಖಾರದ ಪುಡಿಯಲ್ಲೇ ಸುಧಾರಿಸಬೇಕಿತ್ತು. ನಮಗಾದರೋ ಬ್ಯಾಡಗಿ ಮೆಣಸಿನಕಾಯಿ ಇದೆ: ಬಣ್ಣ ಹೆಚ್ಚು, ಖಾರ ಕಡಿಮೆ, ಕೊರಿಯಾದ ಖಾರದ ಪುಡಿ ಗೋಚುಗಾರುವಿಗೆ ಹತ್ತಿರ.

1 ಕಿಲೋ ಕೋಸನ್ನು ಎರಡಂಗುಲದ ಚೌಕಗಳಾಗಿ ಹೆಚ್ಚಿ, 30 ಗ್ರಾಂ ಕಲ್ಲುಪ್ಪು ಹಾಕಿ ಚೆನ್ನಾಗಿ ತಿಕ್ಕಿ. ಉಪ್ಪನ್ನು ತೂಗಿಯೇ ಹಾಕಿ, ಇಲ್ಲಿ ಕೈಯಳತೆ ನಡೆಯದು. ಅರ್ಧ ಗಂಟೆಗೊಮ್ಮೆ ಮಗುಚುತ್ತ ಎರಡು ಗಂಟೆ ಬಿಡಿ. ದಪ್ಪ ದಂಟು ಮುರಿಯದೆ ಬಾಗಿದರೆ ಹದ ಬಂತು. ತೊಳೆಯಬೇಡಿ, ಬಿಟ್ಟ ನೀರನ್ನೂ ಚೆಲ್ಲಬೇಡಿ.

ಅಷ್ಟರಲ್ಲಿ 1 ಚಮಚ ಅಕ್ಕಿಹಿಟ್ಟನ್ನು 1 ಲೋಟ ನೀರಿನಲ್ಲಿ ಗಂಜಿ ಕಾಸಿ ಆರಿಸಿ. ಬೀಜ ತೆಗೆದ ಬ್ಯಾಡಗಿಯನ್ನು ತರಿತರಿಯಾಗಿ ಪುಡಿ ಮಾಡಿ 30 ಗ್ರಾಂ ಬೆರೆಸಿ. ಎಣ್ಣೆ ಸೋಕಿದ ಪ್ಯಾಕೆಟ್ ಪುಡಿ ಬೇಡ, ಇಟ್ಟಂತೆ ಕಮಟು ವಾಸನೆ ಬರುತ್ತದೆ. ಜಜ್ಜಿದ 10 ಎಸಳು ಬೆಳ್ಳುಳ್ಳಿ, ಒಂದಂಗುಲ ಶುಂಠಿ, 1 ಟೀ ಚಮಚ ಸಕ್ಕರೆ, 150 ಗ್ರಾಂ ಮೂಲಂಗಿ, ನಾಲ್ಕು ಈರುಳ್ಳಿ ಸೊಪ್ಪಿನ ಗಿಡ ಸೇರಲಿ. ಮೀನು ತಿನ್ನುವವರು 1 ಚಮಚ ಒಣ ಸಿಗಡಿ ಪುಡಿ ಹಾಕಬಹುದು. ದಾದರಿನ ಮೀನಂಗಡಿಯಲ್ಲಿ ಸುಕಾ ಜವಳಾ ಎಂದು ಕೇಳಿ.

ಎಲ್ಲವನ್ನೂ ಕಲಸಿ 2 ಲೀಟರಿನ ಗಾಜಿನ ಭರಣಿಗೆ ಗಾಳಿ ಉಳಿಯದಂತೆ ಒತ್ತಿ ತುಂಬಿ, ಮೇಲೆ ಕಾಲುಭಾಗ ಖಾಲಿ ಬಿಡಿ. ಕೋಸು ರಸದಲ್ಲಿ ಮುಳುಗಿರಬೇಕು. ಮುಂಬಯಿಯ ಮೇ ತಿಂಗಳಲ್ಲಿ ಹೊರಗೆ ಒಂದು ರಾತ್ರಿ ಸಾಕು, ಪುಣೆಯ ಡಿಸೆಂಬರಿನಲ್ಲಿ ಎರಡು ಮೂರು ದಿನ. ಗುಳ್ಳೆ ಎದ್ದು ಹುಳಿವಾಸನೆ ಬಂದೊಡನೆ ಫ್ರಿಜ್ಜಿಗೆ ಸೇರಲಿ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡದಿದ್ದರೆ ರಸ ಉಕ್ಕಿ ಕಟ್ಟೆಯೆಲ್ಲ ಕೆಂಪು. ಲೋಳೆಯಾದರೆ ಉಪ್ಪು ಕಡಿಮೆ ಅಥವಾ ಸೆಕೆ ಹೆಚ್ಚು ಎಂದರ್ಥ. ಮೇಲಿನ ತೆಳು ಬಿಳಿ ಪದರವನ್ನು ತೆಗೆದರಾಯಿತು. ಹಸಿರು, ಕಪ್ಪು ಬೂಸ್ಟು ಕಂಡರೆ ಭರಣಿಯಷ್ಟನ್ನೂ ಚೆಲ್ಲಿ.

ಕಿಮ್ಚಿಯ ವಾಸನೆಗಾಗಿ ಆ ವಧುಗಳ ಮನೆಗಳಲ್ಲಿ ಜಗಳವಿತ್ತು. ಗಂಡ, ಅತ್ತೆ ಮೂಗು ಮುಚ್ಚಿಕೊಂಡರೆ ಈ ಹೆಣ್ಣುಮಕ್ಕಳು ಒಬ್ಬರೇ ಇದ್ದಾಗ ತಿನ್ನಬೇಕು. ತವರು ಕೊರಿಯಾದಲ್ಲಿ ನೋಡಿದರೆ ಅಮೆರಿಕದ ಸೈನಿಕನ ಕೈಹಿಡಿದವಳೆಂಬ ಕಳಂಕ. ಅಮೆರಿಕದ 1965ರ ವಲಸೆ ಕಾನೂನಿನ ನಂತರ ಇವರೇ ತಂದೆತಾಯಿ, ಒಡಹುಟ್ಟಿದವರನ್ನು ಕರೆಸಿಕೊಂಡರು. ಹಾಗೆ ಬಂದವರಿಂದ ಕೊರಿಯನ್ ಅಂಗಡಿಗಳು ಹೆಚ್ಚಿದವು, ಎಲೆಕೋಸಿನ ಕಿಮ್ಚಿಯ ಅಗತ್ಯ ಕಡಿಮೆಯಾಯಿತು.

ಮೂರು ವಾರ ದಾಟಿ ಹುಳಿಯಾದದ್ದನ್ನು ಎಸೆಯಬೇಡಿ. ಕೊರಿಯಾ ಯುದ್ಧದ ನಂತರ ಅಮೆರಿಕದ ಸೇನಾನೆಲೆಗಳಿಂದ ಹೊರಬಂದ ಡಬ್ಬಿ ಮಾಂಸ, ಸಾಸೇಜಿನಿಂದ ಹುಟ್ಟಿದ ಬುದೆ ಜಿಗೆ ಎಂಬ ಸಾರಿಗೆ ಅದೇ ಬೇಕು. ಕೊರಿಯಾದ ಉಯಿಜೊಂಗ್ಬು ಊರು ಈ ಸಾರಿಗೆ ಹೆಸರುವಾಸಿ. 1 ಬಟ್ಟಲು ಹುಳಿ ಕಿಮ್ಚಿ, ನಾಲ್ಕು ಸಾಸೇಜು, 3 ಲೋಟ ನೀರು, ಹತ್ತು ನಿಮಿಷದ ಕುದಿ, ಕೊನೆಗೊಂದು ನೂಡಲ್ಸ್ ಬಿಲ್ಲೆ. ಒಲೆಯಿಂದ ಇಳಿಸುವ ಮುಂಚೆ ರುಚಿ ನೋಡಿಯೇ ಉಪ್ಪು ಹಾಕಿ.