ಶಿಕ್ಷೆಯ ವೇಳಾಕ್ರಮ ವರ್ತನೆಯ ಕಾಲಗತಿಯನ್ನು ಹೇಗೆ ಬದಲಿಸುತ್ತದೆ: ದಾಖಲೆ ಓದುವ ಕ್ರಮ

ವರ್ತನೆಯ ಪ್ರಯೋಗಗಳಲ್ಲಿ ಶಿಕ್ಷೆಯಿಂದ, ಅಂದರೆ ವರ್ತನೆಯ ಬೆನ್ನಲ್ಲೇ ಬರುವ ಅಹಿತಕರ ಪರಿಣಾಮದಿಂದ, ಪ್ರಾಣಿಯ ವರ್ತನೆ ಎಷ್ಟು ತಗ್ಗಿತು ಎಂಬ ಒಟ್ಟು ಲೆಕ್ಕವನ್ನಷ್ಟೇ ನೋಡಿದರೆ ಮುಖ್ಯವಾದದ್ದು ಕಣ್ತಪ್ಪುತ್ತದೆ. ಉಳಿದ ವರ್ತನೆ ಯಾವ ಕ್ಷಣಗಳಲ್ಲಿ ಉಳಿಯಿತು ಎಂಬುದನ್ನೂ ಓದಬೇಕು.

ಮೊದಲು ಶಿಕ್ಷೆಯಿಲ್ಲದ ಸ್ಥಿರ ಮಟ್ಟವೊಂದನ್ನು ದಾಖಲಿಸಿಕೊಳ್ಳಿ. ಇದಕ್ಕೆ ಏರುಪೇರಿನ ಮಧ್ಯಂತರಗಳಲ್ಲಿ ಆಹಾರ ದೊರೆಯುವ ಕ್ರಮವೇ ಸೂಕ್ತ, ಏಕೆಂದರೆ ಅದರಲ್ಲಿ ಪ್ರಯೋಗದ ಪಾರಿವಾಳ ಆಹಾರಕ್ಕಾಗಿ ಬಹುಮಟ್ಟಿಗೆ ಸಮಗತಿಯಲ್ಲಿ ಗುಂಡಿಯನ್ನು (ಸ್ವಿಚ್ಚನ್ನು) ಕುಕ್ಕುತ್ತಿರುತ್ತದೆ ಮತ್ತು ಮುಂದೆ ಕಾಣುವ ಏರಿಳಿತವನ್ನು ಶಿಕ್ಷೆಯ ಲೆಕ್ಕಕ್ಕೆ ಸೇರಿಸಬಹುದು. ಬಳಿಕ ಆಹಾರದ ಕ್ರಮವನ್ನು ಹಾಗೆಯೇ ಉಳಿಸಿ, ಶಿಕ್ಷೆಯ ಕ್ರಮವೊಂದನ್ನೇ ಬದಲಿಸಿ.

ಶಿಕ್ಷೆ ನಿಗದಿತ ಮಧ್ಯಂತರದ್ದಾಗಿದ್ದರೆ, ಅಂದರೆ 60 ಸೆಕೆಂಡು ಕಳೆದ ನಂತರದ ಮೊದಲ ಕುಕ್ಕಿಗೆ ಮಾತ್ರ ಸೌಮ್ಯ ವಿದ್ಯುದಾಘಾತವಿದ್ದರೆ, ಆ ಅವಧಿಯನ್ನು 6 ಸೆಕೆಂಡುಗಳ 10 ಭಾಗಗಳಾಗಿಸಿ ಪ್ರತಿ ಭಾಗದ ಕುಕ್ಕುಗಳನ್ನು ಎಣಿಸಿ. ಆಘಾತದ ನಂತರದ ಭಾಗಗಳಲ್ಲಿ ಕುಕ್ಕುಗಳು ದಟ್ಟವಾಗಿದ್ದು, ಶಿಕ್ಷೆಯ ವೇಳೆ ಸಮೀಪಿಸಿದಂತೆ ವಿರಳವಾಗುತ್ತವೆ. ಆಘಾತವೇ ಸುರಕ್ಷಿತ ಅವಧಿ ಆರಂಭವಾಯಿತೆಂಬ ಸೂಚನೆಯಾಗಿಬಿಡುವುದು ಇದಕ್ಕೆ ಕಾರಣವೆನ್ನಬಹುದು. ಅಮೆರಿಕದ ಮನೋವಿಜ್ಞಾನಿ ನೇಥನ್ ಅಜ್ರಿನ್ 1956ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಈ ಇಳಿಗತಿ ಕಂಡುಬಂದಿತ್ತು. ಮಧ್ಯಂತರ ಏರುಪೇರಾಗಿದ್ದರೆ ಶಿಕ್ಷೆಯ ಕ್ಷಣವನ್ನು ಮುಂಚಿತವಾಗಿ ಅರಿಯುವ ದಾರಿಯಿರುವುದಿಲ್ಲ, ಆದ್ದರಿಂದ ವರ್ತನೆಯ ದಮನ (ತಗ್ಗುವಿಕೆ) ಅವಧಿಯುದ್ದಕ್ಕೂ ಸಮನಾಗಿ ಹರಡುತ್ತದೆ. ಕುಕ್ಕುಗಳ ಸರಾಸರಿಗಳು ಹತ್ತಿರವಿದ್ದರೂ ಈ ಎರಡು ಕ್ರಮಗಳ ದಾಖಲೆಯ ರೇಖೆಗಳನ್ನು ಒಂದೇ ಎಂದು ಬಗೆಯುವುದು ದೊಡ್ಡ ತಪ್ಪು.

ಆಹಾರದ ಕ್ರಮಕ್ಕೂ ತನ್ನದೇ ಕಾಲವಿನ್ಯಾಸವಿರುತ್ತದೆ. ನಿಗದಿತ ಸಂಖ್ಯೆಯ ಕುಕ್ಕುಗಳಿಗೆ ಆಹಾರ ಸಿಗುವಲ್ಲಿ ಪ್ರತಿ ಕುಕ್ಕಿಗೂ ಶಿಕ್ಷೆ ಸೇರಿಸಿದರೆ, ಆಹಾರದ ನಂತರದ ವಿರಾಮ ಉದ್ದವಾಗುತ್ತದೆ; ಒಮ್ಮೆ ಆರಂಭವಾದ ಕುಕ್ಕಿನ ವೇಗ ಅಷ್ಟಾಗಿ ಬದಲಾಗದು. ಹಾಗಾಗಿ ವಿರಾಮವನ್ನೂ ವೇಗವನ್ನೂ ಬೇರೆ ಬೇರೆಯಾಗಿ ಅಳೆಯಿರಿ.

ಆಘಾತವನ್ನು ವರ್ತನೆಯ ಬೆನ್ನಲ್ಲೇ ನೀಡಬೇಕು, ವಿಳಂಬವಾದಷ್ಟೂ ಪರಿಣಾಮ ಕುಂದುತ್ತದೆ. ತೀವ್ರತೆಯನ್ನು ಪರಿಣಾಮ ಕಾಣುವ ಕನಿಷ್ಠ ಮಟ್ಟದಲ್ಲೇ ಇಡಿ: ವರ್ತನೆ ಪೂರ್ತಿ ನಿಂತುಹೋದರೆ ಅಳೆಯಲು ಕಾಲಗತಿಯೇ ಉಳಿಯುವುದಿಲ್ಲ, ಪ್ರಾಣಿಯ ನೋವು ವ್ಯರ್ಥವಾಗುತ್ತದೆ. ನೈತಿಕ ಸಮಿತಿಯ ಅನುಮತಿಯಿಲ್ಲದೆ ಇಂಥ ಪ್ರಯೋಗ ಕೂಡದು. ಸಾಕುಪ್ರಾಣಿಗಳ ಮೇಲಂತೂ ಸರ್ವಥಾ ಸಲ್ಲದು. ಈಗಾಗಲೇ ಲಭ್ಯವಿರುವ ದಾಖಲೆಗಳಲ್ಲೇ ಉತ್ತರ ಸಿಗುವಂತಿದ್ದರೆ ಹೊಸ ಪ್ರಯೋಗಕ್ಕೆ ಕೈಹಾಕಬೇಡಿ.

ಕೊನೆಗೆ, ವರ್ತನೆಗೆ ಸಂಬಂಧವಿಲ್ಲದೆ ಅಷ್ಟೇ ಆಘಾತಗಳು ಎರಗಿದ ಹೋಲಿಕೆಯ ಗುಂಪಿನ ದಾಖಲೆಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯೂ ಅದೇ ಇಳಿಗತಿ ಕಂಡರೆ, ಅದನ್ನು ಶಿಕ್ಷೆಯ ಫಲವೆಂದು ಬರೆಯಲಾಗದು. ಆಘಾತದ ನಿರೀಕ್ಷೆಯಷ್ಟೇ ಅದಕ್ಕೆ ಕಾರಣವಾಗಿರಬಹುದು.